ಶಾಲೆ ಬಿಟ್ಟ ಮೇಲಿನ ಒಂದೂವರೆ ಗಂಟೆ: ಹುಡುಗಿಯರ ಸಂಜೆ ಕೂಟ ಕಟ್ಟುವ ಬಗೆ

ಹುಡುಗಿಯರಿಗಾಗಿ ಮೊದಲ ಸಲ ಸಂಜೆ ಕೂಟ ಶುರುಮಾಡಿದಾಗ ನಾನು ಮಾಡಿದ್ದು ಭಾಷಣಗಳ ಏರ್ಪಾಡು. ವಾರಕ್ಕೊಬ್ಬ ಅತಿಥಿ, ಹಿಂದೆ ಒಂದು ಬ್ಯಾನರ್, 'ನಿನ್ನ ಮೇಲೆ ನಿನಗೆ ನಂಬಿಕೆ ಇರಲಿ' ಎಂಬ ಧಾಟಿಯ ಮಾತು, ಕೊನೆಯಲ್ಲಿ ಫೋಟೊ. ಹುಡುಗಿಯರು ಚಪ್ಪಾಳೆಯನ್ನೇನೋ ತಟ್ಟಿದರು. ಮೂರನೇ ತಿಂಗಳಿನ ಹೊತ್ತಿಗೆ ಹೆಚ್ಚುಕಡಿಮೆ ಅರ್ಧದಷ್ಟು ಮಂದಿ ಬರುವುದನ್ನೇ ಬಿಟ್ಟರು. ಉಳಿದವರಲ್ಲಿ ಒಬ್ಬಳನ್ನು, "ಇಲ್ಲಿ ಬಂದು ಏನು ಕಲಿತೆ?" ಎಂದು ಕೇಳಿದೆ. ಸ್ವಲ್ಪ ಯೋಚಿಸಿ, "ಸುಮ್ಮನೆ ಕೂತು ಕೇಳುವುದನ್ನು" ಎಂದಳು. ಕುಹಕವಾಡಿದ್ದಲ್ಲ, ಇದ್ದದ್ದನ್ನು ಇದ್ದ ಹಾಗೆ ಹೇಳಿದ್ದಳು. ಆ ವಿದ್ಯೆ ಅವಳಿಗೆ ಮೊದಲೇ ಬೇಕಾದಷ್ಟು ಬರುತ್ತಿತ್ತು.

ಮನಃಶಾಸ್ತ್ರಜ್ಞ ಆಲ್ಬರ್ಟ್ ಬಂಡೂರಾ 'ಇದು ನನ್ನಿಂದ ಆಗುತ್ತದೆ' ಎಂಬ ಭಾವಕ್ಕೆ 1977ರಲ್ಲಿ ನಾಲ್ಕು ಮೂಲಗಳನ್ನು ಗುರುತಿಸಿದರು. ತಾನೇ ಮಾಡಿ ಗೆದ್ದ ಅನುಭವ, ತನ್ನಂಥವರು ಮಾಡುವುದನ್ನು ಕಣ್ಣಾರೆ ಕಂಡದ್ದು, ಬೇರೆಯವರು ಹುರಿದುಂಬಿಸುವ ಮಾತು, ಆ ಹೊತ್ತಿನ ಮೈಮನಸ್ಸಿನ ಸ್ಥಿತಿ. ಈ ನಾಲ್ಕರಲ್ಲಿ ಹೆಚ್ಚು ಬಲವುಳ್ಳದ್ದು ಮೊದಲನೆಯದು. ನಾನು ಒಂದಿಡೀ ವರ್ಷವನ್ನು ಮೂರನೆಯದರ ಮೇಲೆ ಸುರಿದಿದ್ದೆ. ಶಿಕ್ಷಕರೋ ಗ್ರಂಥಾಲಯದವರೋ ಬಿಡುವಿರುವ ನೆರೆಮನೆಯವರೋ, ಇಂಥ ಕೂಟ ಕಟ್ಟಲು ಹೊರಟವರು ಅದೇ ಗುಂಡಿಗೆ ಬೀಳದಿರಲಿ ಎಂದು ಇದನ್ನು ಬರೆಯುತ್ತಿದ್ದೇನೆ.

ಮೊದಲ ಹೆಜ್ಜೆ: ನಿನ್ನೆಯ ಗಡಿಯಾರ

ಕಾರ್ಯಕ್ರಮದ ಪಟ್ಟಿ ಬರೆಯುವ ಮೊದಲು ಹುಡುಗಿಯರ ಜೊತೆ ಕೂತುಕೊಳ್ಳಿ. 'ನಿಮಗೆ ಏನು ಕಲಿಯುವ ಆಸೆ?' ಎಂದು ಮಾತ್ರ ಕೇಳಬೇಡಿ. ಆ ಪ್ರಶ್ನೆಗೆ ದೊಡ್ಡವರಿಗೆ ಹಿಡಿಸುವ ಉತ್ತರವೇ ಬರುತ್ತದೆ. ಇಂಗ್ಲಿಷ್, ಕಂಪ್ಯೂಟರ್ ಎನ್ನುತ್ತಾರೆ, ಅಲ್ಲಿಗೆ ಮುಗಿಯಿತು. ಅದರ ಬದಲು ಒಬ್ಬೊಬ್ಬರಿಗೂ ಒಂದು ಹಾಳೆ ಕೊಟ್ಟು ದೊಡ್ಡ ಗಡಿಯಾರ ಬರೆಸಿ. ನಿನ್ನೆ ಶಾಲೆ ಬಿಟ್ಟಾಗಿನಿಂದ ಮಲಗುವವರೆಗೆ ಯಾವ ಹೊತ್ತಿನಲ್ಲಿ ಏನು ಮಾಡಿದೆ ಎಂದು ಅದರಲ್ಲಿ ತುಂಬಲಿ. ದಿನಾ ಏನು ಮಾಡುತ್ತೀಯ ಎಂದಲ್ಲ, ನಿನ್ನೆ ಏನು ಮಾಡಿದೆ ಎಂದು. 'ದಿನಾ' ಎಂದರೆ ಓದಿನ ಹೊತ್ತು ಉದ್ದವಾಗುತ್ತದೆ. 'ನಿನ್ನೆ' ಎಂದರೆ ಪಾತ್ರೆ, ತಮ್ಮ, ಟ್ಯೂಷನ್, ಅಜ್ಜಿಯ ಮಾತ್ರೆ ಎಲ್ಲವೂ ಹೊರಗೆ ಬರುತ್ತವೆ.

ಹೀಗೆ ಬರೆಸಿದ ಹಾಳೆಗಳಲ್ಲಿ ಒಂದು ಈಗಲೂ ನನ್ನ ಕಣ್ಣ ಮುಂದಿದೆ. ನಾಲ್ಕರಿಂದ ಎಂಟರವರೆಗೆ ಪೆನ್ಸಿಲ್ ಗೀಟುಗಳು ಒತ್ತೊತ್ತಾಗಿ ತುಂಬಿದ್ದವು. ನಡುವೆ ಒಂದೇ ಒಂದು ಸಣ್ಣ ಬಿಳಿ ತುಣುಕು. ಅದರ ಪಕ್ಕದಲ್ಲಿ 'ತಮ್ಮ ಮಲಗಿದ್ದ' ಎಂದು ಬರೆದಿತ್ತು. ಈ ಹುಡುಗಿಯನ್ನು ಕೂಟಕ್ಕೆ ಕರೆಯುವುದಾದರೆ ತಮ್ಮನನ್ನೂ ಕರೆಯಬೇಕು, ಬೇರೆ ದಾರಿಯಿಲ್ಲ. ಕೋಣೆಯ ಮೂಲೆಯಲ್ಲಿ ಒಂದು ಚಾಪೆ, ನಾಲ್ಕು ಆಟಿಕೆ, ಸರದಿಯ ಮೇಲೆ ನೋಡಿಕೊಳ್ಳಲು ಒಬ್ಬ ದೊಡ್ಡವರು ಸಾಕು. ನಮ್ಮ ಹಾಜರಿ ಹೆಚ್ಚಿಸಿದ ವಸ್ತುಗಳಲ್ಲಿ ಆ ಚಾಪೆಯಷ್ಟು ಅಗ್ಗದ್ದು ಇನ್ನೊಂದಿಲ್ಲ.

1989ರಲ್ಲಿ ವಿಶ್ವಸಂಸ್ಥೆ ಅಂಗೀಕರಿಸಿದ ಮಕ್ಕಳ ಹಕ್ಕುಗಳ ಒಡಂಬಡಿಕೆಯ 31ನೇ ವಿಧಿ ವಿಶ್ರಾಂತಿ, ಬಿಡುವು, ಆಟ ಇವೂ ಮಗುವಿನ ಹಕ್ಕು ಎನ್ನುತ್ತದೆ. ಗಡಿಯಾರದ ಹಾಳೆಗಳನ್ನು ಗೋಡೆಗೆ ಅಂಟಿಸಿ ನೋಡಿದರೆ ಆ ವಿಧಿ ಯಾಕೆ ಬೇಕಾಯಿತು ಎಂಬುದು ತಾನಾಗಿ ಅರ್ಥವಾಗುತ್ತದೆ. ನೀವು ಕಟ್ಟುವ ಕೂಟ ಆ ಮಕ್ಕಳ ಪಾಲಿಗೆ ಇನ್ನೊಂದು ಟ್ಯೂಷನ್ ಆಗಬಾರದು.

ಇನ್ನೊಂದು ಎಚ್ಚರಿಕೆ. ಮಕ್ಕಳ ಪಾಲ್ಗೊಳ್ಳುವಿಕೆಯನ್ನು ರೋಜರ್ ಹಾರ್ಟ್ 1992ರಲ್ಲಿ ಯುನಿಸೆಫ್‌ಗಾಗಿ ಬರೆದ ಪ್ರಬಂಧದಲ್ಲಿ ಎಂಟು ಮೆಟ್ಟಿಲಿನ ಏಣಿಗೆ ಹೋಲಿಸಿದರು. ಕೆಳಗಿನ ಮೂರು ಮೆಟ್ಟಿಲು ಪಾಲ್ಗೊಳ್ಳುವಿಕೆಯ ಲೆಕ್ಕಕ್ಕೇ ಬರುವುದಿಲ್ಲ: ಮಕ್ಕಳನ್ನು ಗೊಂಬೆಗಳಂತೆ ಆಡಿಸುವುದು, ಅಲಂಕಾರಕ್ಕೆ ನಿಲ್ಲಿಸುವುದು, ಹೆಸರಿಗೆ ಮಾತ್ರ ಅಭಿಪ್ರಾಯ ಕೇಳುವುದು. ವೇದಿಕೆಯ ಮೇಲೆ ಹೂಗುಚ್ಛ ಹಿಡಿದು ನಿಂತ ಹುಡುಗಿಯರನ್ನು ಕಂಡಾಗಲೆಲ್ಲ ನನಗೆ ಎರಡನೇ ಮೆಟ್ಟಿಲು ನೆನಪಾಗುತ್ತದೆ. ಗಡಿಯಾರದ ಹಾಳೆ ನೋಡಿ ವಾರದ ದಿನ, ಹೊತ್ತು, ಕಲಿಯುವ ಕೆಲಸ ಈ ಮೂರನ್ನೂ ಹುಡುಗಿಯರೇ ಗೊತ್ತುಮಾಡಲಿ. ಅವರ ತೀರ್ಮಾನ ನಿಮ್ಮ ಅನುಕೂಲಕ್ಕೆ ಒಗ್ಗದಿದ್ದರೂ ಬದಲಿಸಬೇಡಿ. ಮೊದಲ ತೀರ್ಮಾನವನ್ನೇ ತಿದ್ದಿಬಿಟ್ಟರೆ ಮುಂದಿನ ಸಲ ಯಾರೂ ಬಾಯಿ ಬಿಡುವುದಿಲ್ಲ.

ಎರಡನೇ ಹೆಜ್ಜೆ: ಬಂದು ಹೋಗುವ ದಾರಿ

ಬಿಟ್ಟುಹೋದ ಹುಡುಗಿಯರ ಮನೆಗಳಿಗೆ ಹೋಗಿ ವಿಚಾರಿಸಿದಾಗ ಯಾವ ಮನೆಯಲ್ಲೂ 'ನಿಮ್ಮ ಕಾರ್ಯಕ್ರಮ ಚೆನ್ನಾಗಿಲ್ಲ' ಎನ್ನಲಿಲ್ಲ. 'ಕತ್ತಲಾಗುತ್ತದೆ' ಎಂದರು. ಅಷ್ಟೇ. ಅತಿಥಿಗಳ ಪಟ್ಟಿಗಾಗಿ ತಲೆ ಕೆಡಿಸಿಕೊಂಡಿದ್ದ ನನಗೆ ಸೂರ್ಯ ಎಷ್ಟು ಹೊತ್ತಿಗೆ ಮುಳುಗುತ್ತಾನೆ ಎಂದು ನೋಡಬೇಕೆಂದು ಹೊಳೆದಿರಲಿಲ್ಲ.

ದಾರಿಯ ತೂಕ ಎಷ್ಟೆಂಬುದಕ್ಕೆ ಬಿಹಾರದ ಸೈಕಲ್ ಯೋಜನೆ ಒಳ್ಳೆಯ ಉದಾಹರಣೆ. 2006ರಲ್ಲಿ ಅಲ್ಲಿನ ಸರ್ಕಾರ ಒಂಬತ್ತನೇ ತರಗತಿಗೆ ಸೇರುವ ಹುಡುಗಿಯರಿಗೆ ಸೈಕಲ್ ಕೊಳ್ಳಲು ಹಣ ಕೊಡತೊಡಗಿತು. ಅರ್ಥಶಾಸ್ತ್ರಜ್ಞರಾದ ಕಾರ್ತಿಕ್ ಮುರಳೀಧರನ್ ಮತ್ತು ನಿಶಿತ್ ಪ್ರಕಾಶ್ ಅದರ ಫಲವನ್ನು ಅಳೆದಾಗ, ಪ್ರೌಢಶಾಲೆಗೆ ಸೇರುವ ಆ ವಯಸ್ಸಿನ ಹುಡುಗಿಯರ ಪ್ರಮಾಣ 32 ಶೇಕಡಾದಷ್ಟು ಏರಿತ್ತು. ಹುಡುಗರಿಗೂ ಹುಡುಗಿಯರಿಗೂ ನಡುವಿನ ಅಂತರ 40 ಶೇಕಡಾ ತಗ್ಗಿತ್ತು. ಹೆಚ್ಚಿನ ಲಾಭವಾದದ್ದು ಶಾಲೆಯಿಂದ ದೂರವಿದ್ದ ಹಳ್ಳಿಗಳಿಗೆ. ಪಾಠ ಅದೇ, ಪುಸ್ತಕ ಅದೇ, ಬದಲಾದದ್ದು ದಾರಿ.

ಆದ್ದರಿಂದ ಜಾಗ ಹುಡುಕುವಾಗ ನಕ್ಷೆ ನೋಡಿ ಮುಗಿಸಬೇಡಿ, ನಡೆದು ನೋಡಿ. ಹುಡುಗಿಯರು ಹೋಗುವ ಹೊತ್ತಿಗೇ, ಅವರ ಜೊತೆಯಲ್ಲೇ ನಡೆಯಿರಿ. ಎಲ್ಲಿ ಅವರ ನಡಿಗೆ ಬಿರುಸಾಗುತ್ತದೆ, ಎಲ್ಲಿ ರಸ್ತೆಯ ಇನ್ನೊಂದು ಬದಿಗೆ ದಾಟುತ್ತಾರೆ ಎಂಬುದನ್ನು ಗಮನಿಸಿ. ಕೇಳಿದರೆ ಹೇಳದ ಸಂಗತಿಯನ್ನು ಕಾಲು ಹೇಳುತ್ತದೆ. ಒಂದೇ ದಿಕ್ಕಿಗೆ ಹೋಗುವವರನ್ನು ಜೊತೆಮಾಡಿ, ಕೊನೆಯವಳು ಮನೆ ಸೇರಿದ ಮೇಲೆ ಒಂದು ಸಂದೇಶ ಬರಬೇಕೆಂದು ಗೊತ್ತುಮಾಡಿ. ಬೆಳಕು ಬೇಗ ಇಳಿಯುವ ತಿಂಗಳುಗಳಲ್ಲಿ ಕೂಟವನ್ನು ಮೊಟಕುಮಾಡಿ, ಇಲ್ಲವೇ ರಜಾದಿನದ ಬೆಳಿಗ್ಗೆಗೆ ಬದಲಿಸಿ.

ಜಾಗದಲ್ಲಿ ಒಳಗಿನಿಂದ ಚಿಲಕ ಬೀಳುವ ಶೌಚಾಲಯ, ಅದರಲ್ಲಿ ನೀರು, ಮುಚ್ಚಳವಿರುವ ಕಸದ ಡಬ್ಬಿ, ಕೇಳದೆಯೇ ತೆಗೆದುಕೊಳ್ಳುವಂತೆ ಇಟ್ಟ ಪ್ಯಾಡ್‌ಗಳು ಇರಲಿ. ಇವಿಲ್ಲದಿದ್ದರೆ ತಿಂಗಳಿಗೆ ಕೆಲವು ದಿನ ಹಾಜರಿ ಪುಸ್ತಕದಲ್ಲಿ ಖಾಲಿ ಚೌಕಗಳು ಕಾಣುತ್ತವೆ, ಕಾರಣವನ್ನು ಯಾರೂ ಬಾಯಿಬಿಟ್ಟು ಹೇಳುವುದಿಲ್ಲ. ಗಾಲಿಕುರ್ಚಿಯಲ್ಲಿ ಬರುವವಳು ಬಾಗಿಲು ದಾಟಬಹುದೇ ಎಂಬುದನ್ನೂ ಅಂದೇ ನೋಡಿಕೊಳ್ಳಿ.

ಮೂರನೇ ಹೆಜ್ಜೆ: ಕೆಲಸವೇ ತೀರ್ಪು ಹೇಳುವಂಥ ಕೌಶಲ

ಯಾವ ಕೌಶಲ ಕಲಿಸಬೇಕು ಎಂಬ ಪ್ರಶ್ನೆಗೆ ನನ್ನದೊಂದು ಅಳತೆಗೋಲಿದೆ. ಕೆಲಸ ಸರಿಯಾಯಿತೋ ಇಲ್ಲವೋ ಎಂಬುದು ನನ್ನ ಮುಖ ನೋಡದೆ ಹುಡುಗಿಗೆ ಗೊತ್ತಾಗಬೇಕು. ಬಲ್ಬು ಹತ್ತುತ್ತದೆ ಅಥವಾ ಹತ್ತುವುದಿಲ್ಲ. ಬರೆದ ಪ್ರೋಗ್ರಾಂ ಓಡುತ್ತದೆ ಅಥವಾ ನಿಲ್ಲುತ್ತದೆ. ಹೊಲಿದ ಚೀಲ ಭಾರ ತಡೆಯುತ್ತದೆ ಅಥವಾ ಹರಿಯುತ್ತದೆ. ಚಿತ್ರ, ನೃತ್ಯ, ಭಾಷಣಗಳನ್ನು ನಾನು ಕೀಳುಮಾಡುತ್ತಿಲ್ಲ. ಆದರೆ ಅಲ್ಲಿ ಕೊನೆಯ ಮಾತು ಯಾವಾಗಲೂ ಇನ್ನೊಬ್ಬರದು. ಮೆಚ್ಚುಗೆಗಾಗಿ ಕಾಯುವ ಅಭ್ಯಾಸ ನಮ್ಮ ಹುಡುಗಿಯರಿಗೆ ಆಗಲೇ ಚೆನ್ನಾಗಿ ಮೈಗೂಡಿರುತ್ತದೆ. ಮೊದಲ ಕೆಲವು ವಾರಗಳಾದರೂ ತೀರ್ಪು ವಸ್ತುವಿನದಾಗಿರಲಿ.

ನಾವು ಸೈಕಲ್ ಪಂಕ್ಚರ್‌ನಿಂದ ಶುರುಮಾಡುತ್ತೇವೆ. ಮೂವರಿಗೆ ಒಂದು ಚಕ್ರ. ಲಿವರ್ ತೂರಿಸಿ ಟಯರಿನ ಅಂಚು ಎಬ್ಬಿಸಬೇಕು, ಟ್ಯೂಬ್ ಹೊರಗೆಳೆಯಬೇಕು, ಗಾಳಿ ಹೊಡೆದು ನೀರಿನ ಬೋಗುಣಿಯಲ್ಲಿ ಸ್ವಲ್ಪಸ್ವಲ್ಪವೇ ಮುಳುಗಿಸುತ್ತ ತಿರುಗಿಸಬೇಕು. ಗುಳ್ಳೆ ಏಳುವವರೆಗೆ ಕೋಣೆಯಲ್ಲಿ ಉಸಿರೂ ಕೇಳಿಸುವುದಿಲ್ಲ, ಎದ್ದ ಕೂಡಲೇ ಗದ್ದಲ. ತೂತಿಗೆ ಗುರುತು ಹಾಕಿ, ಗಾಳಿ ಬಿಟ್ಟು, ಒರೆಸಿ, ಉಪ್ಪುಕಾಗದದಿಂದ ಉಜ್ಜಿ, ಸಲ್ಯೂಷನ್ ಅನ್ನು ತೆಳುವಾಗಿ ಸವರುತ್ತಾರೆ. ಅದಾದ ಮೇಲೆ ಕಾಯಬೇಕು. ಹಸಿ ಹೊಳಪು ಆರಿ, ಬೆರಳಿಗೆ ಬರೀ ಅಂಟಂಟು ತಾಗುವ ತನಕ ಪ್ಯಾಚ್ ಇಡಬಾರದು. ಹತ್ತರಲ್ಲಿ ಎಂಟು ತಂಡ ಅವಸರ ಮಾಡುತ್ತವೆ, ಪ್ಯಾಚ್ ಎದ್ದುಬರುತ್ತದೆ. ತಾಳ್ಮೆಯಿಂದ ಕಾದ ತಂಡವೂ ಟ್ಯೂಬನ್ನು ಒಳಗೆ ಹಾಕಿ, ಗಾಳಿ ತುಂಬಿ, ಗೆದ್ದೆವೆಂದು ಒಂದು ಸುತ್ತು ಹೋಗಿ ಬರುವಷ್ಟರಲ್ಲಿ ಚಕ್ರ ಮತ್ತೆ ಮೆತ್ತಗಾಗಿರುತ್ತದೆ. ಮುಳ್ಳು ಟಯರಿನಲ್ಲೇ ಉಳಿದಿರುತ್ತದೆ, ನೋಡಿ! ಟಯರಿನ ಒಳಮೈಯನ್ನು ಬಟ್ಟೆಯಿಂದ ಸವರಿ ಮುಳ್ಳು ಹುಡುಕಬೇಕೆಂದು ನಾನು ಮೊದಲೇ ಹೇಳುವುದಿಲ್ಲ. ಹೇಳಬೇಕೆಂದು ನಾಲಿಗೆ ತುದಿಯವರೆಗೆ ಬರುತ್ತದೆ, ಅದುಮಿಟ್ಟುಕೊಳ್ಳುತ್ತೇನೆ. ಎರಡನೇ ಸಲ ಟಯರ್ ಬಿಚ್ಚುವಾಗ ಅವರು ಬೈಯುವುದು ಮುಳ್ಳನ್ನು, ತಮ್ಮನ್ನಲ್ಲ. ನಾನು ಆ ದಿನ ನೋಡಬೇಕೆಂದು ಕಾಯುವುದು ಅದನ್ನೇ.

ಸೋಲು ಹೀಗೆ ಸಣ್ಣದಾಗಿ, ಆ ಸಂಜೆಯೇ ಸರಿಪಡಿಸಬಹುದಾದಷ್ಟು ಇರಲಿ. ಮೂರು ತಿಂಗಳು ದುಡಿದು ಪ್ರದರ್ಶನದ ದಿನ ಕೆಟ್ಟುಹೋಗುವಂಥ ದೊಡ್ಡ ಯೋಜನೆಯನ್ನು ಮೊದಲ ವರ್ಷ ಕೈಗೆತ್ತಿಕೊಳ್ಳಬೇಡಿ. ಪಂಕ್ಚರ್ ಆದ ಮೇಲೆ ಬ್ಯಾಟರಿ ಮತ್ತು ಬಲ್ಬಿನ ಸರ್ಕ್ಯೂಟ್, ಅದಾದ ಮೇಲೆ ಹಣದ ಲೆಕ್ಕ, ಅರ್ಜಿ ಬರೆದು ಉತ್ತರ ತರಿಸಿಕೊಳ್ಳುವುದು, ಬಿದ್ದವರಿಗೆ ಪ್ರಥಮ ಚಿಕಿತ್ಸೆ, ಈಜು, ಕೋಡಿಂಗ್, ಹೀಗೆ ಬೆಳೆಯಬಹುದು. ಹೊಲಿಗೆ ಬೇಡ, ಅದು ಹಳೆಯ ಕಾಲದ ಹೆಣ್ಣುಕೆಲಸ ಎಂದು ಮೂಗುಮುರಿಯುವವರಿದ್ದಾರೆ. ನಾನು ಒಪ್ಪುವುದಿಲ್ಲ. ಅಳತೆ ತೆಗೆಯುವುದು, ಬಟ್ಟೆ ಕತ್ತರಿಸುವುದು, ಕೂಲಿ ಲೆಕ್ಕ ಹಾಕುವುದು, ಗಿರಾಕಿಯೊಡನೆ ಚೌಕಾಸಿ ಮಾಡುವುದು ಎಲ್ಲ ಅವಳ ಕೈಯಲ್ಲೇ ಇದ್ದರೆ ಹೊಲಿಗೆಯೂ ಲೆಕ್ಕಶಾಸ್ತ್ರವೇ, ವ್ಯಾಪಾರವೇ. ಬೇರೆಯವರು ಕತ್ತರಿಸಿ ಕೊಟ್ಟದ್ದನ್ನು ಅವಳು ಬರೀ ಹೊಲಿದುಕೊಟ್ಟರೆ ಮಾತ್ರ ಅದು ಹಳೆಯ ಕಥೆ.

ಕೌಶಲ ಮಾತ್ರ ಕಲಿಸಬೇಕೋ, ಬದುಕಿನ ತಿಳಿವಳಿಕೆಯೂ ಬೇಕೋ ಎಂದು ಕೇಳುವವರಿಗೆ ಉಗಾಂಡದ ಅನುಭವ ಹೇಳುತ್ತೇನೆ. ಅಲ್ಲಿ ಬಾಂಗ್ಲಾದೇಶ ಮೂಲದ ಸ್ವಯಂಸೇವಾ ಸಂಸ್ಥೆ ಬ್ರಾಕ್ 2008ರಲ್ಲಿ 14ರಿಂದ 20ರ ವಯಸ್ಸಿನ ಹುಡುಗಿಯರಿಗೆ ಊರೂರಿನಲ್ಲಿ ಕೂಟ ತೆರೆಯಿತು. ಶಾಲೆಯ ಹೊತ್ತು ಮುಗಿದ ಮೇಲೆ ಸೇರುವುದು, ಒಬ್ಬ ಅಕ್ಕನ ಮಾರ್ಗದರ್ಶನ, ಆಟ ಹರಟೆಗಳ ಜೊತೆಗೆ ಕಸುಬು ತರಬೇತಿ ಮತ್ತು ಮೈ, ಮದುವೆ, ಹಕ್ಕುಗಳ ಬಗ್ಗೆ ಮುಚ್ಚುಮರೆಯಿಲ್ಲದ ಮಾತು. ನಾಲ್ಕು ವರ್ಷ ಕಳೆದ ಮೇಲೆ ನೋಡಿದಾಗ ದುಡಿಮೆಗೆ ಇಳಿದ ಹುಡುಗಿಯರ ಪ್ರಮಾಣ ಮೊದಲಿದ್ದುದಕ್ಕಿಂತ 48 ಶೇಕಡಾ ಏರಿತ್ತು. ಅವರಲ್ಲಿ ಬಹುಪಾಲು ಸ್ವಂತ ಕಸುಬಿನವರು. ಹದಿಹರೆಯದ ಬಸಿರು ಮೂರನೇ ಒಂದು ಪಾಲಿಗಿಂತ ಹೆಚ್ಚು ಇಳಿದಿತ್ತು. ಎರಡನ್ನೂ ಜೊತೆಯಾಗಿ ಕೊಟ್ಟದ್ದು ಅಲ್ಲಿನ ಹೆಚ್ಚುಗಾರಿಕೆ. ಅದೇ ಮಾದರಿ ಟಾಂಜಾನಿಯಾಕ್ಕೆ ಹೋದಾಗ ಅಂಥ ಫಲ ಕಾಣಲಿಲ್ಲ; ಅಲ್ಲಿ ಸಂಪನ್ಮೂಲದ ಕೊರತೆ ಕಾಡಿತ್ತು. ಒಂದು ಕಡೆ ಗೆದ್ದ ಕೈಪಿಡಿಯನ್ನು ತಂದು ಖಾಲಿ ಕೋಣೆಯಲ್ಲಿ ತೆರೆದರೆ ಕೂಟ ನಡೆಯುವುದಿಲ್ಲ.

ನಾಲ್ಕನೇ ಹೆಜ್ಜೆ: ಸ್ಪ್ಯಾನರ್ ಯಾರ ಕೈಯಲ್ಲಿದೆ?

ಹುಡುಗರೂ ಹುಡುಗಿಯರೂ ಕೂಡಿದ ಯಾವುದೇ ವಿಜ್ಞಾನ ಪ್ರಯೋಗವನ್ನು ಐದು ನಿಮಿಷ ದೂರದಿಂದ ನೋಡಿ. ಉಪಕರಣ ಹುಡುಗನ ಕೈಗೆ, ನೋಟ್‌ಬುಕ್ ಹುಡುಗಿಯ ಕೈಗೆ ಹೋಗುವುದು ಎಷ್ಟೋ ಸಲ ಕಣ್ಣಿಗೆ ಬೀಳುತ್ತದೆ. ಅವಳ ಅಕ್ಷರ ಚೆನ್ನಾಗಿದೆ ಎಂಬ ನೆಪ ಬೇರೆ. ಮೊದಲ ಆರು ತಿಂಗಳು ಕೂಟವನ್ನು ಹುಡುಗಿಯರಿಗೆ ಮಾತ್ರ ಇಟ್ಟುಕೊಳ್ಳಿ ಎಂದು ನಾನು ಹೇಳುವುದು ಇದೇ ಕಾರಣಕ್ಕೆ. ಆಮೇಲೆ ಹುಡುಗರು ಬರಲಿ, ಕೈ ಪಳಗಿದವರ ಹತ್ತಿರ ಕಲಿಯಲಿ.

ಹುಡುಗಿಯರೇ ಇದ್ದಾಗಲೂ ಚುರುಕಾದವಳು ಸ್ಪ್ಯಾನರ್ ಹಿಡಿದು ಉಳಿದಿಬ್ಬರು ಬಗ್ಗಿ ನೋಡುವುದು ತಪ್ಪುವುದಿಲ್ಲ. ಅದಕ್ಕೆ ಮೂವರ ತಂಡದಲ್ಲಿ ಮೂರು ಪಾಲು: ಒಬ್ಬಳು ಕೈ, ಒಬ್ಬಳು ಕಣ್ಣು, ಒಬ್ಬಳು ಬಾಯಿ. ಕೈ ಆದವಳು ಮಾತ್ರ ಮುಟ್ಟಬೇಕು. ಕಣ್ಣು ತಪ್ಪು ಹುಡುಕುತ್ತಾಳೆ. ಬಾಯಿ ಆಮೇಲೆ ಎಲ್ಲರಿಗೂ ವರದಿ ಹೇಳುತ್ತಾಳೆ. ಹತ್ತು ನಿಮಿಷಕ್ಕೊಮ್ಮೆ ಪಾಲು ಬದಲು. ದೊಡ್ಡವರ ಕೈ ಬೆನ್ನ ಹಿಂದೆ ಇರಬೇಕು ಎಂಬುದು ನಮ್ಮ ಕೂಟದ ನಿಯಮ. ಅದನ್ನು ಹೆಚ್ಚು ಸಲ ಮುರಿದವಳು ನಾನೇ.

ಕೇಳುವ ರೀತಿಗೂ ಒಂದು ಕಸರತ್ತು ಬೇಕು. ಅಮೆರಿಕದ ಶಿಕ್ಷಣ ಸಂಶೋಧಕಿ ಮೇರಿ ಬಡ್ ರೋ ತರಗತಿಗಳ ಧ್ವನಿಮುದ್ರಣ ಕೇಳಿದಾಗ, ಶಿಕ್ಷಕರು ಪ್ರಶ್ನೆ ಹಾಕಿ ಉತ್ತರಕ್ಕೆ ಕಾಯುವುದು ಸರಾಸರಿ ಒಂದು ಸೆಕೆಂಡು ಎಂದು ಕಂಡುಬಂತು. ಅದನ್ನು ಮೂರು ಸೆಕೆಂಡಿಗೆ ಹಿಗ್ಗಿಸಿದಾಗ ಉತ್ತರಗಳು ಉದ್ದವಾದವು, ಸಾಮಾನ್ಯವಾಗಿ ಮಾತಾಡದ ಮಕ್ಕಳೂ ಬಾಯಿಬಿಟ್ಟರು. ಮೂರು ಸೆಕೆಂಡು ಎಂದರೆ ಏನು ಮಹಾ ಎನಿಸಬಹುದು. ಇಪ್ಪತ್ತು ಜೊತೆ ಕಣ್ಣು ನಿಮ್ಮನ್ನೇ ನೋಡುತ್ತಿರುವಾಗ ಸುಮ್ಮನಿದ್ದು ನೋಡಿ, ಎಷ್ಟು ಉದ್ದವೆಂದು ತಿಳಿಯುತ್ತದೆ. ನಾನು ಮನಸ್ಸಿನಲ್ಲೇ ಒಂದು, ಎರಡು, ಮೂರು ಎಣಿಸುತ್ತೇನೆ.

ಹೊಗಳುವ ಮಾತನ್ನೂ ಜೋಪಾನವಾಗಿ ಆರಿಸಿ. 1998ರಲ್ಲಿ ಕ್ಲಾಡಿಯಾ ಮ್ಯೂಲರ್ ಮತ್ತು ಕ್ಯಾರಲ್ ಡ್ವೆಕ್ ಪ್ರಕಟಿಸಿದ ಪ್ರಯೋಗಗಳಲ್ಲಿ, 'ನೀನು ಜಾಣೆ' 'ನೀನು ಜಾಣ' ಎಂದು ಹೊಗಳಿಸಿಕೊಂಡ ಮಕ್ಕಳು ಮುಂದೆ ಕಷ್ಟದ ಒಗಟಿನಲ್ಲಿ ಎಡವಿದಾಗ ಬೇಗ ಕೈಚೆಲ್ಲಿದರು; ಪಟ್ಟ ಶ್ರಮವನ್ನು ಹೊಗಳಿಸಿಕೊಂಡವರು ಮುಂದುವರಿದರು. ಹುಡುಗಿಯರ ವಿಷಯದಲ್ಲಿ ಇದಕ್ಕೆ ಇನ್ನೊಂದು ಎಳೆ ಸೇರುತ್ತದೆ. ಅಮೆರಿಕದ ಮಕ್ಕಳ ಮೇಲೆ ನಡೆದು 2017ರಲ್ಲಿ ಪ್ರಕಟವಾದ ಅಧ್ಯಯನವೊಂದರಲ್ಲಿ ಐದು ವರ್ಷದ ಹುಡುಗಿಯರು 'ತುಂಬಾ ತುಂಬಾ ಜಾಣರು ಯಾರು?' ಎಂದು ಕೇಳಿದಾಗ ಹುಡುಗರಷ್ಟೇ ಸಲೀಸಾಗಿ ತಮ್ಮ ಲಿಂಗದವರನ್ನು ತೋರಿಸಿದರು. ಆರು, ಏಳಕ್ಕೆ ಬರುವಷ್ಟರಲ್ಲಿ ಹಾಗೆ ತೋರಿಸುವವರು ಕಡಿಮೆಯಾದರು, 'ಜಾಣರ ಆಟ' ಎಂದು ಹೆಸರಿಟ್ಟ ಆಟಗಳ ಕಡೆಗಿನ ಒಲವೂ ಕುಗ್ಗಿತು. ಹದಿಮೂರರ ಹುಡುಗಿ ನಿಮ್ಮ ಕೂಟಕ್ಕೆ ಬರುವಾಗ ಈ ಗುಮಾನಿಯನ್ನು ಏಳು ವರ್ಷ ಹೊತ್ತು ಬಂದಿರಬಹುದು. 'ನೀನು ಜಾಣೆ' ಎಂದರೆ ಅವಳು ನಂಬುವುದಿಲ್ಲ. 'ಎರಡನೇ ಸಲ ನೀನು ಉಪ್ಪುಕಾಗದ ಜಾಸ್ತಿ ಹೊತ್ತು ಉಜ್ಜಿದೆ, ಅದಕ್ಕೇ ಪ್ಯಾಚ್ ಹಿಡಿಯಿತು' ಎಂದರೆ ಅಲ್ಲಗಳೆಯಲು ಅವಳಿಗೆ ದಾರಿಯಿಲ್ಲ, ಏಕೆಂದರೆ ಉಜ್ಜಿದ ನೆನಪು ಅವಳ ಬೆರಳಿನಲ್ಲೇ ಇದೆ.

ಐದನೇ ಹೆಜ್ಜೆ: ಅಕ್ಕಂದಿರನ್ನು ಆರಿಸುವುದು

ಹೆಸರಾಂತ ವಿಜ್ಞಾನಿಯೊಬ್ಬರು ಬಂದು ಹೋದರೆ ಹುಡುಗಿಯರು ಬೆರಗಾಗುತ್ತಾರೆ. ತಮಗಿಂತ ಮೂರೇ ವರ್ಷ ದೊಡ್ಡವಳು, ಅದೇ ಬೀದಿಯವಳು, ಹೋದ ವರ್ಷ ಇದೇ ಬೋಗುಣಿಯಲ್ಲಿ ಟ್ಯೂಬ್ ಮುಳುಗಿಸಿದವಳು ಮುಂದೆ ನಿಂತರೆ 'ಹಾಗಾದರೆ ನಾನೂ' ಎಂದುಕೊಳ್ಳುತ್ತಾರೆ. ಬಂಡೂರಾ ಹೇಳಿದ ಎರಡನೇ ಮೂಲ ಇದೇ, ಮತ್ತು ಅದರಲ್ಲಿ 'ತನ್ನಂಥವರು' ಎಂಬ ಪದಕ್ಕೇ ತೂಕ.

ಸ್ವಯಂಸೇವಕರು ಬಂದಾಗ ಖುಷಿಯಲ್ಲಿ ಎಲ್ಲರಿಗೂ ಹೂಂ ಎನ್ನಬೇಡಿ. ಜೀನ್ ಗ್ರಾಸ್‌ಮನ್ ಮತ್ತು ಜೀನ್ ರೋಡ್ಸ್ 2002ರಲ್ಲಿ ಪ್ರಕಟಿಸಿದ ಅಧ್ಯಯನದ ಪ್ರಕಾರ, ಮಾರ್ಗದರ್ಶಕರ ನಂಟು ಒಂದು ವರ್ಷಕ್ಕೂ ಹೆಚ್ಚು ಉಳಿದ ಹದಿಹರೆಯದವರಿಗೆ ಹೆಚ್ಚಿನ ಪ್ರಯೋಜನವಾಯಿತು. ಮೂರು ತಿಂಗಳೊಳಗೆ ಕಡಿದುಹೋದವರಲ್ಲಿ ತಮ್ಮ ಬಗ್ಗೆ ತಮಗಿದ್ದ ಬೆಲೆಯೇ ಮೊದಲಿಗಿಂತ ಕುಸಿದಿತ್ತು. ಅರ್ಧಕ್ಕೆ ಬಿಟ್ಟುಹೋಗುವ ಅಕ್ಕ ಇಲ್ಲದಿರುವುದಕ್ಕಿಂತ ಕೆಟ್ಟದ್ದು. ಕಾಲೇಜಿನ ಯೋಜನೆಗಾಗಿ ಆರು ವಾರ ಬರುತ್ತೇನೆ ಎನ್ನುವವರಿಗೆ ಲೆಕ್ಕ ಬರೆಯುವ, ಸಾಮಾನು ತರುವ ಕೆಲಸ ಕೊಡಿ. ಹುಡುಗಿಯರ ಜೊತೆ ಕೂರಿಸುವುದು ವರ್ಷದ ಮಾತು ಕೊಟ್ಟವರನ್ನು ಮಾತ್ರ.

ಸುರಕ್ಷತೆಯ ವಿಷಯದಲ್ಲಿ ಸಂಕೋಚ ಬೇಡವೇ ಬೇಡ. ಬರುವ ಪ್ರತಿಯೊಬ್ಬ ದೊಡ್ಡವರ ಪೂರ್ವಾಪರ ವಿಚಾರಿಸಿ, ಎಷ್ಟೇ ಪರಿಚಯದವರಾಗಿರಲಿ. ಒಬ್ಬ ಹುಡುಗಿಯ ಜೊತೆ ಒಬ್ಬ ದೊಡ್ಡವರು ಮುಚ್ಚಿದ ಕೋಣೆಯಲ್ಲಿ ಇರುವಂತಿಲ್ಲ. ಕೂಟದಲ್ಲಿ ಯಾವಾಗಲೂ ಇಬ್ಬರು ದೊಡ್ಡವರಿರಬೇಕು. ಹುಡುಗಿಯರ ಸ್ವಂತ ಫೋನಿಗೆ ರಾತ್ರಿ ಸಂದೇಶ ಕಳಿಸುವುದು, ಒಪ್ಪಿಗೆಯಿಲ್ಲದೆ ಫೋಟೊ ಹಾಕುವುದು ಸಲ್ಲದು. ತೊಂದರೆಯಾದರೆ ಯಾರಿಗೆ ಹೇಳಬೇಕು ಎಂಬುದನ್ನು ಗೋಡೆಯ ಮೇಲೆ ಬರೆದಿಡಿ. ಆ ಹೆಸರು ಕೂಟ ನಡೆಸುವವರದ್ದಲ್ಲದೆ ಹೊರಗಿನ ಒಬ್ಬರದೂ ಇರಲಿ, ದೂರು ನಿಮ್ಮ ಮೇಲೆಯೇ ಇರಬಹುದು. ಹುಡುಗಿ ಏನಾದರೂ ಹೇಳಿಕೊಂಡರೆ 'ಯಾರಿಗೂ ಹೇಳುವುದಿಲ್ಲ' ಎಂದು ಆಣೆ ಮಾಡಬೇಡಿ. ಎಷ್ಟೋ ಕಡೆ ಅದನ್ನು ವರದಿ ಮಾಡಲೇಬೇಕೆಂದು ಕಾನೂನಿದೆ. 'ನಿನ್ನನ್ನು ಕಾಪಾಡಲು ಬೇಕಾದವರಿಗಷ್ಟೇ ಹೇಳುತ್ತೇನೆ, ಹೇಳುವ ಮೊದಲು ನಿನಗೆ ತಿಳಿಸುತ್ತೇನೆ' ಎನ್ನಿ.

ಆರನೇ ಹೆಜ್ಜೆ: ಒಂದು ಸಂಜೆಯ ಲೆಕ್ಕ

ತೊಂಬತ್ತು ನಿಮಿಷ. ಮೊದಲ ಹದಿನೈದು ನಿಮಿಷ ಏನಾದರೂ ತಿನ್ನುವುದಕ್ಕೆ ಮತ್ತು ಹರಟೆಗೆ. ಹಸಿದವಳಿಗೆ ಸರ್ಕ್ಯೂಟೂ ತಲೆಗೆ ಹತ್ತುವುದಿಲ್ಲ, ಸಾಹಸವೂ ಹತ್ತುವುದಿಲ್ಲ. ಐದು ನಿಮಿಷ ಇವತ್ತಿನ ಕೆಲಸ ತೋರಿಸುವುದು. ಐದು ಎಂದರೆ ಐದೇ, ಗಡಿಯಾರ ಹುಡುಗಿಯೊಬ್ಬಳ ಕೈಯಲ್ಲಿರಲಿ. ಆಮೇಲೆ ಐವತ್ತು ನಿಮಿಷ ಕೈಕೆಲಸ. ಉಳಿದದ್ದರಲ್ಲಿ ಹತ್ತು ನಿಮಿಷ 'ಬಾಯಿ'ಗಳ ವರದಿ: ಏನು ಕೆಟ್ಟಿತು, ಆಮೇಲೆ ಏನು ಮಾಡಿದಿರಿ? ಏನು ಚೆನ್ನಾಗಿ ಆಯಿತು ಎಂದು ನಾವು ಕೇಳುವುದಿಲ್ಲ, ಅದನ್ನು ಅವರೇ ಹೇಳಿಕೊಳ್ಳುತ್ತಾರೆ. ಕೊನೆಯ ಹತ್ತು ನಿಮಿಷ ಸಾಮಾನು ಎಣಿಸಿ ಬೀರುವಿಗೆ ಸೇರಿಸಿ ರಿಜಿಸ್ಟರಿನಲ್ಲಿ ಬರೆಯುವುದು. ಈ ರಿಜಿಸ್ಟರನ್ನು ಹಗುರವಾಗಿ ಕಾಣಬೇಡಿ. ಬೆಲೆಬಾಳುವ ವಸ್ತುವಿಗೆ ಜವಾಬ್ದಾರಿ ಹೊರುವುದು ಅನೇಕ ಹುಡುಗಿಯರಿಗೆ ಇದೇ ಮೊದಲು.

ಇಬ್ಬರು ದೊಡ್ಡವರಿಗೆ ಹದಿನೈದು ಹದಿನೆಂಟು ಹುಡುಗಿಯರು ಸಾಕು. ಒಂಬತ್ತರವಳನ್ನೂ ಹದಿನಾರರವಳನ್ನೂ ಒಂದೇ ತಂಡಕ್ಕೆ ಹಾಕಿದರೆ ಚಿಕ್ಕವಳು ಬರೀ ನೋಡುವವಳಾಗುತ್ತಾಳೆ.

ಏಳನೇ ಹೆಜ್ಜೆ: ಬಾರದವರ ಬಾಗಿಲಿಗೆ

ಕರಪತ್ರ ಹಂಚಿದರೆ ಮೊದಲು ಬರುವ ಹತ್ತು ಹುಡುಗಿಯರು ಯಾರು ಗೊತ್ತೇ? ತರಗತಿಯಲ್ಲಿ ಮೊದಲೇ ಕೈ ಎತ್ತುವವರು. ಅವರು ಬರಲಿ, ಆದರೆ ಅವರಿಂದಲೇ ಕೋಣೆ ತುಂಬಿದರೆ ಕೂಟದ ಕೆಲಸ ಆಯಿತೆಂದು ತಿಳಿಯಬೇಡಿ. ಅರ್ಧದಷ್ಟು ಜಾಗ ಖಾಲಿ ಇಟ್ಟು, ಶಾಲೆ ಬಿಟ್ಟವರು, ದುಡಿಯುವವರು, ಅಂಗವಿಕಲರು, ಹೊಸದಾಗಿ ಊರಿಗೆ ಬಂದವರು, ಬೇಗ ಮದುವೆಯಾದವರು ಎಲ್ಲಿದ್ದಾರೆಂದು ಹುಡುಕಿ ಹೋಗಿ.

ಹಾಗೆಂದು ಕರೆಯದಿದ್ದರೆ ಹುಡುಗಿಯರು ಬರುವುದೇ ಇಲ್ಲ ಎಂದೇನೂ ಅಲ್ಲ. 1909ರ ಸೆಪ್ಟೆಂಬರಿನಲ್ಲಿ ಲಂಡನ್ನಿನ ಕ್ರಿಸ್ಟಲ್ ಪ್ಯಾಲೇಸಿನಲ್ಲಿ ಹುಡುಗರ ಸ್ಕೌಟ್ ಮೇಳ ನಡೆದಾಗ ಕೆಲವು ಹುಡುಗಿಯರು ತಾವೂ ಸ್ಕೌಟುಗಳೆಂದು ಉಡುಪು ತೊಟ್ಟು ಬಂದು ನಿಂತರು. ಮರುವರ್ಷ ಸ್ಕೌಟ್ ಚಳವಳಿಯ ಸ್ಥಾಪಕ ಬೇಡನ್ ಪೊವೆಲ್ ತಮ್ಮ ತಂಗಿ ಆಗ್ನೆಸ್ ಅವರ ಮುಂದಾಳ್ತನದಲ್ಲಿ ಗರ್ಲ್ ಗೈಡ್ಸ್ ಆರಂಭಿಸಬೇಕಾಯಿತು. ಆದರೆ ಮೇಳದವರೆಗೆ ನಡೆದುಬರಲು ಬಿಡುವು, ಉಡುಪು, ಮನೆಯವರ ಒಪ್ಪಿಗೆ ಇದ್ದವರ ಕಥೆ ಅದು. ಇವು ಮೂರೂ ಇಲ್ಲದವಳು ಇನ್ನೂ ಮನೆಯಲ್ಲೇ ಇರುತ್ತಾಳೆ.

ಮನೆಗೆ ಹೋದಾಗ ಒಪ್ಪಿಗೆ ಕೊಡುವ ಅಧಿಕಾರ ಯಾರ ಕೈಯಲ್ಲಿದೆ ಎಂದು ಮೊದಲು ತಿಳಿದುಕೊಳ್ಳಿ. ತಾಯಿ ತಲೆಯಾಡಿಸಿದರೂ ಕೆಲವು ಮನೆಗಳಲ್ಲಿ ಅಜ್ಜಿಯದೋ ಅಣ್ಣನದೋ ಮಾತೇ ನಡೆಯುತ್ತದೆ. 'ಸಬಲೀಕರಣ' ಎಂಬ ಪದವನ್ನು ಹೊಸ್ತಿಲ ಹೊರಗೆ ಬಿಟ್ಟು ಒಳಗೆ ಹೋಗಿ. ವಾರಕ್ಕೆ ಎರಡು ದಿನ, ಇಂಥ ಹೊತ್ತಿನಿಂದ ಇಂಥ ಹೊತ್ತಿಗೆ, ಜೊತೆಗೆ ಇಂಥವರು ನಡೆದು ಬಂದು ಬಿಡುತ್ತಾರೆ, ಇದು ನನ್ನ ಫೋನ್ ನಂಬರ್ ಎಂದು ಹೇಳಿ. ಅಪ್ಪಂದಿರನ್ನು ಸಭೆಗೆ ಕರೆದರೆ ಬರುವುದಿಲ್ಲ. 'ಶನಿವಾರ ನಿಮ್ಮ ಸೈಕಲ್ ತನ್ನಿ, ಮಕ್ಕಳು ರಿಪೇರಿ ಮಾಡಿಕೊಡುತ್ತಾರೆ' ಎಂದರೆ ಬರುತ್ತಾರೆ. ಮಗಳು ಗ್ರೀಸ್ ಮೆತ್ತಿದ ಕೈಯಲ್ಲಿ ಬ್ರೇಕ್ ಬಿಗಿಮಾಡುವಾಗ ಪಕ್ಕದಲ್ಲಿ ನಿಂತ ಒಬ್ಬ ಅಪ್ಪ ಮೊದಲು ಸಲಹೆ ಕೊಟ್ಟರು, ಆಮೇಲೆ ಸುಮ್ಮನಾದರು, ಕೊನೆಗೆ ಬಗ್ಗಿ ಟಾರ್ಚ್ ಹಿಡಿದರು. ಆ ಮನೆಯಿಂದ ಮತ್ತೆ ಒಪ್ಪಿಗೆ ಕೇಳುವ ಪ್ರಮೇಯ ಬರಲಿಲ್ಲ.

ಎಂಟನೇ ಹೆಜ್ಜೆ: ಎಣಿಸುವುದು, ಕೈಬಿಡುವುದು

ಹಣದ ಬಗ್ಗೆ ಒಂದೇ ಮಾತು: ಸಾಮಾನು, ತಿಂಡಿ, ಪ್ರಯಾಣ ಈ ಮೂರಕ್ಕೆ ವರ್ಷವಿಡೀ ಸಾಕಾಗುವಷ್ಟು ಕೈಯಲ್ಲಿ ಇಟ್ಟುಕೊಂಡು ಶುರುಮಾಡಿ, ಬ್ಯಾನರ್, ಟೀ ಶರ್ಟ್, ಸಮಾರಂಭಗಳು ಆಮೇಲೆ.

ಫಲ ಅಳೆಯಲು 'ನಿನ್ನ ಆತ್ಮವಿಶ್ವಾಸ ಒಂದರಿಂದ ಹತ್ತರಲ್ಲಿ ಎಷ್ಟು?' ಎಂಬ ಫಾರಂ ತುಂಬಿಸಬೇಡಿ. ವರ್ಷದ ಕೊನೆಯಲ್ಲಿ ನಿಮ್ಮನ್ನು ಮೆಚ್ಚಿಸಲು ಎಲ್ಲರೂ ಒಂಬತ್ತು ಎಂದು ಬರೆಯುತ್ತಾರೆ. ಎಣಿಸಬಹುದಾದ್ದನ್ನು ಎಣಿಸಿ. ಈ ತಿಂಗಳು ಪ್ರಶ್ನೆ ಕೇಳಿದವರೆಷ್ಟು, ಅವರಲ್ಲಿ ಹೊಸಬರೆಷ್ಟು? ಕೆಲಸ ಕೆಟ್ಟಾಗ ನನ್ನನ್ನು ಕರೆಯುವ ಮೊದಲು ಎಷ್ಟು ಸಲ ತಾವೇ ಪ್ರಯತ್ನಿಸಿದರು? ಒಂದು ವಾರ ತಪ್ಪಿಸಿಕೊಂಡವರು ಮರುವಾರ ಬಂದರೇ? ಕೂಟದ ಹೊರಗೆ, ಯಾರೂ ಹೇಳದೆ, ಕಲಿತದ್ದನ್ನು ಯಾರಿಗೆ ಮಾಡಿಕೊಟ್ಟರು? ಕೊನೆಯ ಪ್ರಶ್ನೆಗೆ ಸಿಗುವ ಉತ್ತರಗಳಿಗೆ ನಾನೊಂದು ಬೇರೆ ನೋಟ್‌ಬುಕ್ಕನ್ನೇ ಇಟ್ಟಿದ್ದೇನೆ.

ಎರಡನೇ ವರ್ಷದಿಂದ ಒಂದೊಂದೇ ಕೆಲಸವನ್ನು ಬಿಟ್ಟುಕೊಡುತ್ತ ಬನ್ನಿ. ಮೊದಲು ಹಾಜರಿ, ಆಮೇಲೆ ಸಾಮಾನು ಕೊಳ್ಳುವುದು, ಆಮೇಲೆ ಹೊಸಬರ ಮೊದಲ ಪಾಠ, ಕೊನೆಗೆ ಬೀರುವಿನ ಬೀಗದ ಕೈ. ಬೀಗದ ಕೈ ಕೊಡುವಾಗ ನನಗೆ ಸ್ವಲ್ಪ ಅಳುಕಿತ್ತು ಎಂದು ಒಪ್ಪಿಕೊಳ್ಳುತ್ತೇನೆ. ನಮ್ಮಲ್ಲಿ ಅದು ಈಗ ಹದಿನಾರರ ಹುಡುಗಿಯೊಬ್ಬಳ ಹತ್ತಿರವಿದೆ. ಹೋದ ತಿಂಗಳು ನನ್ನ ಸೈಕಲ್ಲಿಗೆ ಗಾಳಿ ಹೊಡೆಯಬೇಕಿತ್ತು, ಹೋಗಿ ಪಂಪು ಕೇಳಿದೆ. ಅವಳು ರಿಜಿಸ್ಟರ್ ತೆರೆದು ಪೆನ್ನು ಮುಂದೆ ಹಿಡಿದು, "ಹೆಸರು, ತಾರೀಕು, ಯಾವಾಗ ವಾಪಸ್ಸು ಅಂತ ಬರೆಯಿರಿ ಅಕ್ಕ" ಎಂದಳು. "ಐದೇ ನಿಮಿಷ" ಎಂದೆ. ಪೆನ್ನು ಅಲ್ಲೇ ಇತ್ತು. ಒಂದು, ಎರಡು, ಮೂರು ಎಣಿಸುವಷ್ಟು ಹೊತ್ತು ಕಾದಳು. ಬರೆದೆ.